ಪ್ರಶ್ನೋತ್ತರ: ಮೊಮ್ಮಗನ ಜೊತೆ ಹಿಮನದಿಗೆ

ಪ್ರಶ್ನೆ: ಜುಲೈ ಕೊನೆಯಲ್ಲಿ ಜೂರಿಕ್‌ನ ಮಗಳ ಮನೆಗೆ ಹೋಗುತ್ತಿದ್ದೇವೆ. ಏಳು ವರ್ಷದ ಮೊಮ್ಮಗನಿಗೆ ಹಿಮನದಿ ನೋಡುವ ಆಸೆ. ಸುಮ್ನೆ ರೈಲಿನಲ್ಲಿ ಹೋಗಿ ಬರುವ ಬದಲು ಸ್ವಲ್ಪ ನಡೆಯೋಣ ಅಂತ ನಮಗೂ ಇದೆ. ಆದರೆ ನನಗೆ ಮಂಡಿನೋವು. ಅರ್ಧ ದಿನದಲ್ಲಿ ಮುಗಿಯುವಂಥ ದಾರಿ ಇದೆಯೇ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಇದೆ. ಬೇರೇನೂ ಯೋಚಿಸದೆ ಅಲೆಟ್ಶ್ ಹಿಮನದಿಗೆ ಹೋಗಿ. ಆಲ್ಪ್ಸ್‌ನಲ್ಲೇ ಎಲ್ಲಕ್ಕಿಂತ ದೊಡ್ಡದು, ಹೆಚ್ಚುಕಡಿಮೆ 20 ಕಿ.ಮೀ. ಉದ್ದ. ನಮ್ಮ ಅತ್ತೆಯವರು ಊರಿನಿಂದ ಬಂದಾಗ ಕರೆದುಕೊಂಡು ಹೋಗಿದ್ದೂ ಇಲ್ಲಿಗೇ.

ಜೂರಿಕ್‌ನಿಂದ ಬ್ರಿಗ್‌ಗೆ ಸುಮಾರು ಎರಡು ಗಂಟೆ. ಅಲ್ಲಿ ಸಣ್ಣ ರೈಲು ಹಿಡಿದು ಮೊರೆಲ್‌ನಲ್ಲಿ ಇಳಿಯಿರಿ. ಕೇಬಲ್ ಕಾರಿನಲ್ಲಿ ರೀಡರಾಲ್ಪ್, ಇನ್ನೊಂದು ಹತ್ತಿದರೆ 2,333 ಮೀಟರ್ ಎತ್ತರದ ಮೋಸ್‌ಫ್ಲೂ. ಹೊರಗೆ ಬಂದರೆ ಸಾಕು, ಇಡೀ ಹಿಮನದಿ ಕೆಳಗೆ ಕಾಣುತ್ತದೆ. ಅಲ್ಲಿಂದ ಗುಡ್ಡದ ಏಣಿನ ಮೇಲೆ ಹೋಫ್ಲೂ, ರೀಡರ್‌ಫುರ್ಕಾ ದಾಟಿ ರೀಡರಾಲ್ಪ್‌ಗೆ ಇಳಿಯುವುದು. ಮಗು ಜೊತೆಗಿದ್ದರೆ ಮೂರು ಗಂಟೆ ಇಟ್ಟುಕೊಳ್ಳಿ. ದಾರಿಯ ಹಳದಿ ಹಲಗೆಗಳಲ್ಲಿ ಬರೆದಿರುವ ಸಮಯದಲ್ಲಿ ಕೂತು ಸುಧಾರಿಸಿಕೊಳ್ಳುವುದು ಸೇರಿರುವುದಿಲ್ಲ. ಬಿಳಿ-ನೀಲಿ-ಬಿಳಿ ಗುರುತಿನ ದಾರಿ ಪಳಗಿದವರಿಗೆ ಮಾತ್ರ, ಆ ಕಡೆ ಹೋಗಬೇಡಿ.

ಮೊಮ್ಮಗನಿಗೆ ಮಂಜಿನ ಮೇಲಿನ ಎರಡು ಕಪ್ಪು ಪಟ್ಟೆಗಳನ್ನು ತೋರಿಸಿ. ಸುಮ್ನೆ ನೋಡಿದರೆ ಯಾರೋ ಗಾಡಿ ಓಡಿಸಿದ ಜಾಡಿನ ಹಾಗೆ ಕಾಣುತ್ತವೆ. ಅದೆಲ್ಲ ಕಲ್ಲು. ಮೇಲೆ ಯುಂಗ್‌ಫ್ರಾವ್ ಶಿಖರದ ತಪ್ಪಲಲ್ಲಿ ಮೂರು ಹಿಮಧಾರೆಗಳು ಕೂಡುತ್ತವೆ. ಒಂದೊಂದೂ ತನ್ನ ದಡದ ಬಂಡೆಪುಡಿ ಹೊತ್ತು ತರುತ್ತದೆ. ಕೂಡಿದ ಮೇಲೆ ಆ ದಡಗಳೇ ನಡುವಿನ ಗೆರೆಗಳಾಗಿ ಕೆಳಗಿನವರೆಗೂ ಬರುತ್ತವೆ. ಇಷ್ಟು ಹೇಳಿದರೆ ಸಾಕು, ನಿಂತಂತೆ ಕಾಣುವ ಮಂಜು ಹರಿಯುತ್ತಿದೆ ಅಂತ ಹುಡುಗನಿಗೆ ತಾನಾಗಿಯೇ ಹೊಳೆಯುತ್ತದೆ.

ಇನ್ನೊಂದು ಕಥೆಯನ್ನೂ ಹೇಳಿ. ಈ ಹಿಮನದಿ ಬೆಳೆದು ಊರಿಗೆ ಬಾರದಿರಲಿ ಎಂದು ಕೆಳಗಿನ ಫೀಶ್‌ನ ಜನ 1678ರಲ್ಲಿ ಹರಕೆ ಹೊತ್ತಿದ್ದರು. ಈಗ ಪೋಪ್ ಅವರ ಒಪ್ಪಿಗೆ ಪಡೆದು, ಕರಗಿ ಹೋಗದಿರಲಿ ಎಂದು ಬೇಡಿಕೊಳ್ಳುತ್ತಾರೆ. ಪ್ರತಿ ಬೇಸಿಗೆಯಲ್ಲೂ ಅದು ಹಿಂದೆ ಸರಿಯುತ್ತಿದೆ. ಹಾಗಾಗಿ ಈ ಸಲವೇ ಹೋಗಿ, ಮುಂದಿನ ಸಲಕ್ಕೆ ಬಿಡಬೇಡಿ.

ಮಂಡಿಗೆ ಕಷ್ಟ ಇಳಿಜಾರಿನಲ್ಲೇ ಜಾಸ್ತಿ ಅಲ್ವಾ? ಎರಡು ಊರುಗೋಲು ತಗೊಳ್ಳಿ. ಆಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಮೋಸ್‌ಫ್ಲೂನಲ್ಲೇ ಕೂತು ಕಣ್ತುಂಬ ನೋಡಿ, ಕೇಬಲ್ ಕಾರಿನಲ್ಲಿ ವಾಪಸ್ ಇಳಿಯಿರಿ. ಅತ್ತೆಯವರೂ ಹಾಗೇ ಮಾಡಿದರು, ನಾವು ನಡೆದು ಬಂದು ರೀಡರಾಲ್ಪ್‌ನಲ್ಲಿ ಅವರನ್ನು ಕೂಡಿಕೊಂಡೆವು. ಜುಲೈನಲ್ಲೂ ಮೇಲೆ ಚಳಿಗಾಳಿ ಬೀಸುತ್ತದೆ, ಎಲ್ಲರಿಗೂ ಸ್ವೆಟರ್, ತಂಪು ಕನ್ನಡಕ ಇರಲಿ. ಬುತ್ತಿ ಕಟ್ಟಿಕೊಂಡೇ ಹೋಗಿ.

ಹೊರಡುವ ದಿನ ಬೆಳಿಗ್ಗೆ ಮಗಳಿಗೆ ಅಲ್ಲಿನ ವೆಬ್‌ಕ್ಯಾಮ್ ನೋಡಲು ಹೇಳಿ. ಮೋಡ ಮುಸುಕಿದ್ದರೆ ಟಿಕೆಟ್ ತೆಗೆಯಬೇಡಿ, ಇನ್ನೊಂದು ದಿನ ಹೊರಡಿ.