ಬದುವಿನ ಮೇಲಿನ ಹಸಿ ಮಣ್ಣು

ಈ ತಿಂಗಳು ಬಂದ ಕಾಗದಗಳಲ್ಲಿ ಮೂರು ಹೆಚ್ಚುಕಡಿಮೆ ಒಂದೇ ವಿಷಯದವು. ಅದಕ್ಕೇ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಮೂರಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಮೂವರೂ ಕೇಳಿದ್ದಾರೆ.

ಪ್ರಶ್ನೆ: ಟೀಚರಮ್ಮನವರಿಗೆ ಕರ್ತನ ನಾಮದಲ್ಲಿ ವಂದನೆಗಳು. ನಾನು ಮದ್ದೂರಿನವಳು, ಮದುವೆಯಾಗಿ ಮಂಡ್ಯದಲ್ಲಿದ್ದೇನೆ. ಪ್ರಾರ್ಥನಾ ಕೂಟದಲ್ಲಿ ಎಲ್ಲರೂ ಸಾಕ್ಷಿ ಹೇಳುತ್ತಾರೆ. ‘ದೇವರು ನನ್ನ ಜೊತೆ ಮಾತಾಡಿದರು, ಹೀಗೆ ಮಾಡು ಅಂದರು’ ಅನ್ನುತ್ತಾರೆ. ಹನ್ನೆರಡು ವರ್ಷದಿಂದ ಕೂಟಕ್ಕೆ ಹೋಗುತ್ತಿದ್ದೇನೆ, ನನಗೆ ಒಂದು ಸಲವೂ ಏನೂ ಕೇಳಿಸಿಲ್ಲ. ಬೆಳಗ್ಗೆ ಎದ್ದರೆ ಮಕ್ಕಳ ಡಬ್ಬಿ, ಯಜಮಾನರ ಡಬ್ಬಿ, ಆಮೇಲೆ ಗಾರ್ಮೆಂಟ್ಸ್ ಕೆಲಸ. ರಾತ್ರಿ ಪ್ರಾರ್ಥನೆಗೆ ಕೂತರೆ ನಿದ್ದೆ ಬಂದುಬಿಡುತ್ತದೆ. ನನ್ನ ಭಕ್ತಿಯಲ್ಲೇ ಏನಾದರೂ ಕೊರತೆ ಇದೆಯಾ?

ಉತ್ತರ: ಕೊರತೆ ಇಲ್ಲ ಮಗಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೊನೆಯ ಸಾಲು ಓದಿ ನನ್ನ ಕರುಳು ಚುರ್ ಎಂದಿತು. ಇದೇ ಮಾತನ್ನು ನಾನು ಟೀಚರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಮ್ಮನಿಗೆ ಕೇಳಿದ್ದೆ.

ಅಮ್ಮ ಆಗ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: ‘ನಮ್ಮೂರ ನೀರುಗಂಟಿ ಗದ್ದೆಗೆ ನೀರು ಬಿಡೋದನ್ನ ನೀನು ಎಷ್ಟು ಸಲ ನೋಡಿದ್ದೀಯ?’ ನಾನು ನೋಡಿದ್ದು ಒಂದೋ ಎರಡೋ ಸಲ ಇರಬೇಕು.

ನಮ್ಮ ಊರು ಮಂಡ್ಯ ತಾಲ್ಲೂಕಿನಲ್ಲಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿದೆ. ಅಪ್ಪ ಕೊನೆಯವರೆಗೂ ಅದನ್ನು ಇರ್ವಿನ್ ನಾಲೆ ಎಂದೇ ಕರೆಯುತ್ತಿದ್ದರು, ಮೊದಲು ಅದರ ಹೆಸರು ಅದೇ ಇತ್ತು. ನಮ್ಮ ಗದ್ದೆ ಕೆರೆಯ ಅಚ್ಚುಕಟ್ಟಿನ ಕೊನೆಯಲ್ಲಿತ್ತು. ಅಂಥ ಗದ್ದೆಯವರ ಕಷ್ಟ ನಿಮ್ಮ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮೇಲಿನವರೆಲ್ಲ ಕುಡಿದು ಮಿಕ್ಕಿದ್ದು ನಮಗೆ. ನಮ್ಮ ಸರದಿ ಬರುವುದು ಹೆಚ್ಚಾಗಿ ರಾತ್ರಿ ಹೊತ್ತು. ನೀರುಗಂಟಿ ಲಾಟೀನು ಹಿಡಿದು, ಹೆಗಲಮೇಲೆ ಗುದ್ದಲಿ ಇಟ್ಟುಕೊಂಡು ಬದುವಿನ ಮೇಲೆ ಬರುತ್ತಿದ್ದ. ಒಂದು ಕಡೆ ಮಡೆ ಕಟ್ಟಿ ಇನ್ನೊಂದು ಕಡೆ ಬಿಡುತ್ತಿದ್ದ. ನಾವೆಲ್ಲ ನಿದ್ದೆಯಲ್ಲಿರುತ್ತಿದ್ದೆವು. ಬೆಳಗ್ಗೆ ಅಪ್ಪ ಹೋಗಿ ನೋಡಿದರೆ ಬದುವಿನ ಮೇಲೆ ಹಸಿ ಮಣ್ಣು ಮೆತ್ತಿರುತ್ತಿತ್ತು. ಗದ್ದೆಯಲ್ಲಿ ನೀರು ನಿಂತಿರುತ್ತಿತ್ತು. ಅವನ ದನಿ ಯಾರೂ ಕೇಳಿಲ್ಲ. ಆದರೆ ಅವನು ಬಂದಿದ್ದ ಎಂಬುದರಲ್ಲಿ ಅಪ್ಪನಿಗೆ ಸಂದೇಹವೇ ಇರುತ್ತಿರಲಿಲ್ಲ.

‘ದೇವರು ನಡೆಸೋದೂ ಹಂಗೇ. ಬೆಳಗ್ಗೆ ಹೋಗಿ ಹಸಿ ಮಣ್ಣು ನೋಡಬೇಕು’ ಅಂದಳು ಅಮ್ಮ. ಬೈಬಲಿನ ಜ್ಞಾನೋಕ್ತಿ 21ರ ಮೊದಲ ವಚನದಲ್ಲಿ ರಾಜನ ಹೃದಯ ದೇವರ ಕೈಯಲ್ಲಿ ನೀರಿನ ಕಾಲುವೆಯ ಹಾಗಿದೆ, ಬೇಕಾದ ಕಡೆ ತಿರುಗಿಸುತ್ತಾನೆ ಎಂದಿದೆ. ಅಮ್ಮನಿಗೆ ಓದು ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಆದರೆ ಈ ವಚನ ಬಂದ ಭಾನುವಾರ ಮಾತ್ರ ಮನೆಗೆ ಬಂದು ಇನ್ನೊಂದು ಸಲ ಓದಿಸುತ್ತಿದ್ದಳು.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನನಗೂ ನನ್ನ ತಂಗಿಗೂ ಹತ್ತು ಗುಂಟೆ ಜಾಗದ ವಿಷಯಕ್ಕೆ ಮನಸ್ತಾಪ ಬಂತು. ಅಪ್ಪ ಹೋದ ಮೇಲಿನ ಮಾತು. ನಾಲ್ಕು ತಿಂಗಳು ಮಾತಿಲ್ಲ ಕಥೆಯಿಲ್ಲ. ತಪ್ಪು ಅವಳದ್ದೇ ಎಂದು ನನಗೆ ಖಾತ್ರಿ ಇತ್ತು. ಒಂದು ಭಾನುವಾರ ಆರಾಧನೆಯಲ್ಲಿ ಮತ್ತಾಯ 5ನೇ ಅಧ್ಯಾಯ ಓದಿದರು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂಬ ಭಾಗ. ನಾನು ಕೇಳಿಸಿಕೊಂಡೆ, ಕಾಣಿಕೆ ಹಾಕಿದೆ, ಮನೆಗೆ ಬಂದೆ. ಅದೇ ವಾರ ಪಕ್ಕದ ಮನೆಯವರು ನಿಂಬೆಕಾಯಿ ಉಪ್ಪಿನಕಾಯಿ ತಂದುಕೊಟ್ಟರು. ನನ್ನ ತಂಗಿಗೆ ಅದಿಲ್ಲದೆ ಮೊಸರನ್ನ ಇಳಿಯುವುದಿಲ್ಲ. ಡಬ್ಬಿ ಮುಚ್ಚಿ ಒಳಗಿಟ್ಟೆ. ಶುಕ್ರವಾರ ರೇಷನ್ ಕಾರ್ಡ್ ಹುಡುಕುತ್ತಾ ಅಮ್ಮನ ಟ್ರಂಕ್ ತೆಗೆದೆ. ತಳದಲ್ಲಿ ಅಮ್ಮನ ಕೀರ್ತನೆ ಪುಸ್ತಕವಿತ್ತು. ಒಳರಟ್ಟಿನ ಮೇಲೆ ತಂಗಿ ಮೂರನೇ ಕ್ಲಾಸಿನಲ್ಲಿದ್ದಾಗ ಬರೆದ ಅಕ್ಷರ. ನನ್ನ ಹೆಸರು, ಅವಳ ಹೆಸರು, ನಡುವೆ ಸೊಟ್ಟ ಶಿಲುಬೆ. ಟ್ರಂಕ್ ಮುಂದೆಯೇ ಕೂತು ಫೋನ್ ಮಾಡಿದೆ.

ಅವಳು ಜಗಳದ ಮಾತು ಎತ್ತಲಿಲ್ಲ. ‘ಊಟ ಆಯ್ತಾ?’ ಅಂದಳು. ಆಮೇಲೆ, ‘ನೀನು ಮಾಡ್ತೀಯ ಅಂತ ಕಾಯ್ತಿದ್ದೆ ಕಣಕ್ಕ’ ಅಂದಳು.

ನೋಡಿ, ಯಾವ ದನಿಯೂ ಬರಲಿಲ್ಲ. ಬಂದದ್ದು ಒಂದು ವಚನ, ಒಂದು ಉಪ್ಪಿನಕಾಯಿ ಡಬ್ಬಿ, ಒಂದು ಹಳೆ ಪುಸ್ತಕ. ಮೂರೂ ಬರುವಾಗ ನನಗೆ ಏನೂ ಗೊತ್ತಾಗಲಿಲ್ಲ. ಫೋನ್ ಇಟ್ಟ ಮೇಲೆ, ಕಣ್ಣು ಒರೆಸಿಕೊಂಡ ಮೇಲೆ ಒಂದಕ್ಕೊಂದು ಸೇರಿದವು. ನಾಳೆ ಕೂಟದಲ್ಲಿ ಎದ್ದು ನಿಂತರೆ ನಾನೂ ‘ದೇವರು ಫೋನ್ ಮಾಡು ಅಂದರು’ ಎಂದೇ ಹೇಳುತ್ತೇನೆ. ಅದು ಸುಳ್ಳಲ್ಲ. ನಿಮ್ಮ ಕೂಟದವರಲ್ಲಿ ಬಹಳ ಮಂದಿ ಹೇಳುವುದೂ ಹೀಗೆ ಹಿಂತಿರುಗಿ ನೋಡಿದ ಮೇಲಿನ ಮಾತೇ ಇರಬೇಕು. ಕೇಳುವವರಿಗೆ ಮಾತ್ರ ಆಕಾಶದಿಂದ ದನಿ ಬಂತೇನೋ ಅನ್ನಿಸುತ್ತದೆ.

ನಿದ್ದೆಯ ವಿಷಯ ಬರೆದಿದ್ದೀರಿ. 1 ಅರಸುಗಳು 19 ತೆಗೆದು ಓದಿ. ಬಿರುಗಾಳಿ, ಭೂಕಂಪ, ಬೆಂಕಿ, ಕೊನೆಗೆ ಮೆಲ್ಲನೆಯ ದನಿ ಎಂಬ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಏನಾಯ್ತು ಎಂಬುದನ್ನು ನಾವು ಓಡಿಸಿಬಿಡುತ್ತೇವೆ. ಪ್ರವಾದಿ ಎಲೀಯ ಸಾಕಾಗಿ, ಸತ್ತರೆ ಸಾಕು ಎಂದು ಗಿಡದ ಕೆಳಗೆ ಮಲಗಿಬಿಟ್ಟಿದ್ದ. ದೇವರು ಅವನನ್ನು ಬೈಯಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕಳಿಸಿದರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದರು. ‘ಪ್ರಯಾಣ ಬಹಳ ದೂರ ಇದೆ’ ಎಂದರು. ದನಿ ಕೇಳಿಸಿದ್ದು ಆಮೇಲೆ, ನಲವತ್ತು ದಿನ ನಡೆದ ಮೇಲೆ. ಎರಡು ಡಬ್ಬಿ ಕಟ್ಟಿ, ಇಡೀ ದಿನ ಮಿಷನ್ ಮುಂದೆ ಕೂತು ಬಂದ ಹೆಂಗಸು ಪ್ರಾರ್ಥನೆಯಲ್ಲಿ ತೂಕಡಿಸಿದರೆ ಅದು ಪಾಪವಲ್ಲಮ್ಮ. ಮಲಗಿ.

ಒಂದು ಸಣ್ಣ ಕೆಲಸ ಮಾತ್ರ ಮಾಡಿ ನೋಡಿ. ರಾತ್ರಿ ಲಾಟೀನು ಸಣ್ಣ ಮಾಡುವ ಮೊದಲು ಅಮ್ಮ ನಮಗೆ ಎರಡು ಪ್ರಶ್ನೆ ಕೇಳುತ್ತಿದ್ದಳು: ‘ಇವತ್ತು ಎಲ್ಲಿ ಕಟ್ಟಿದ? ಎಲ್ಲಿ ಬಿಟ್ಟ?’ ಯಾವುದಕ್ಕೆ ತಡೆ ಬಂತು, ಎಲ್ಲಿ ದಾರಿಯಾಯ್ತು ಅಂತ. ನೀವು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆ ದಿನದ ಚೌಕದಲ್ಲಿ ಒಂದೇ ಒಂದು ಪದ ಬರೆಯಿರಿ. ‘ಬಸ್’ ಅಂತಲೋ, ‘ಅತ್ತೆ’ ಅಂತಲೋ. ತಿಂಗಳ ಕೊನೆಗೆ ಹಾಳೆ ತಿರುಗಿಸುವ ಮೊದಲು ಓದಿ. ಖಾಲಿ ಚೌಕ ಜಾಸ್ತಿ ಇದ್ದರೆ ಹೆದರಬೇಡಿ. ಕಟ್ಟು ನೀರಿನ ಪದ್ಧತಿಯಲ್ಲಿ ನಾಲೆಗೆ ನೀರು ನಿಲ್ಲಿಸಿದ ದಿನಗಳೂ ಇರುತ್ತವೆ. ಪೈರು ಆಗ ಮಣ್ಣಿನ ತೇವದಲ್ಲೇ ನಿಂತಿರುತ್ತದೆ.

ಪ್ರಶ್ನೆ: ನಾನು ಮೈಸೂರಿನವನು, ವಯಸ್ಸು 26. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಪುಣೆಯಲ್ಲಿ ಒಂದೂವರೆ ಪಟ್ಟು ಸಂಬಳದ ಕೆಲಸ ಸಿಕ್ಕಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ವಾಸಿಯಾಗುತ್ತಿಲ್ಲ. ಅಕ್ಕ ನಂಜನಗೂಡಿನಲ್ಲಿದ್ದಾಳೆ. ದೇವರ ಚಿತ್ತ ತಿಳಿಯಲು ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟೆ. ಆದಿಕಾಂಡ 12 ಬಂತು, ‘ಸ್ವದೇಶವನ್ನೂ ಬಂಧುಗಳನ್ನೂ ಬಿಟ್ಟು ಹೋಗು’ ಎಂಬ ಮಾತು. ಇದು ದೇವರ ಸೂಚನೆಯೇ?

ಉತ್ತರ: ತಮ್ಮಾ, ಹೋಗಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಆ ಬೆರಳನ್ನು ನಂಬಿ ಹೋಗಬೇಡ. ಅದೇ ಬೆರಳು ‘ತಂದೆತಾಯಿಗಳನ್ನು ಸನ್ಮಾನಿಸು’ ಎಂಬಲ್ಲಿ ಬಿದ್ದಿದ್ದರೆ ಉಳಿಯುತ್ತಿದ್ದೆಯಾ, ಇಲ್ಲ ಇನ್ನೊಂದು ಸಲ ತೆರೆಯುತ್ತಿದ್ದೆಯಾ? ನಿನ್ನ ಮನಸ್ಸಿಗೆ ಮಾತ್ರ ಗೊತ್ತು. ಬೈಬಲನ್ನು ಮೊದಲಿಂದ ಕೊನೆಗೆ, ಅಧ್ಯಾಯದ ನಂತರ ಅಧ್ಯಾಯ ಓದಿದವನ ಮನಸ್ಸು ನಿಧಾನವಾಗಿ ಹದಕ್ಕೆ ಬರುತ್ತದೆ. ಆ ಹದದಲ್ಲೇ ದೇವರು ಕೆಲಸ ಮಾಡುವುದು ಎಂದು ನಾನು ನಂಬಿದ್ದೇನೆ.

ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯವನ್ನು ಇವತ್ತು ರಾತ್ರಿ ನಿಧಾನವಾಗಿ ಓದು. ಪೌಲನಿಗೆ ಆಸ್ಯ ಸೀಮೆಯಲ್ಲಿ ತಡೆ. ಬಿಥೂನ್ಯಕ್ಕೆ ಹೋಗಲು ನೋಡಿದರೆ ಅಲ್ಲೂ ತಡೆ. ತ್ರೋವ ಎಂಬ ಊರಿಗೆ ಬಂದು ನಿಂತಾಗ ಕನಸು ಬೀಳುತ್ತದೆ, ಮಕೆದೋನ್ಯದ ಒಬ್ಬ ಗಂಡಸು ‘ಬಂದು ನಮಗೆ ಸಹಾಯ ಮಾಡು’ ಎಂದು ಕರೆಯುತ್ತಾನೆ. ಮುಂದಿನ ಮಾತು ಗಮನಿಸು. ಪೌಲ ಒಬ್ಬನೇ ನಿಶ್ಚಯ ಮಾಡಿದ ಎಂದಿಲ್ಲ. ‘ನಾವು’ ನಿಶ್ಚಯ ಮಾಡಿದೆವು ಎಂದಿದೆ. ಆ ಪುಸ್ತಕದ ಪ್ರಯಾಣಗಳಲ್ಲಿ ‘ನಾವು’ ಎಂಬ ಮಾತು ಶುರುವಾಗುವುದೇ ಆ 10ನೇ ವಚನದಿಂದ. ಕನಸು ಕಂಡವನು ಅಪೊಸ್ತಲ, ಆದರೂ ನಾಲ್ಕು ಜನ ಸೇರಿ ಯೋಚಿಸಿದರು. ಅಲ್ಲಿಗೆ ಹೋದ ಮೇಲೆ ಏನಾಯ್ತು? ಕನಸಿನ ಗಂಡಸಿನ ಸುದ್ದಿಯೇ ಇಲ್ಲ. ಫಿಲಿಪ್ಪಿಯ ಹೊಳೆ ದಡದಲ್ಲಿ ಕೂಡಿ ಬಂದಿದ್ದ ಹೆಂಗಸರು ಸಿಕ್ಕರು, ಧೂಮ್ರವರ್ಣದ ಬಟ್ಟೆ ಮಾರುವ ಲುದ್ಯ ಸಿಕ್ಕಳು. ಆಮೇಲೆ ಏಟು, ಜೈಲು. ದೇವರು ನಡೆಸಿದ ದಾರಿ ಸಲೀಸಾಗಿರುತ್ತದೆ ಎಂಬ ಭರವಸೆ ಅಲ್ಲಿಲ್ಲ. ದೊಡ್ಡ ಸಂಬಳ ಬಂದದ್ದಕ್ಕೇ ಅದು ದೇವರ ಬಾಗಿಲು ಅಂತಲೂ ಆಗುವುದಿಲ್ಲ, ದೇವರದ್ದಲ್ಲ ಅಂತಲೂ ಆಗುವುದಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ನಾನು ಸಿ.ಎಸ್.ಐ. ಎಂಬ ಪ್ರೊಟೆಸ್ಟೆಂಟ್ ಸಭೆಯವಳು, ಆದರೂ ಈ ವಿಷಯದಲ್ಲಿ ನನಗೆ ಹೆಚ್ಚು ಕಲಿಸಿದವರು ಕಥೋಲಿಕ ಸಂತರು, ಇಗ್ನೇಷಿಯಸ್ ಲೊಯೋಲ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಎಂಬಲ್ಲಿ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಅವರ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದಲು ವೀರರ ಕಥೆ ಕೇಳಿದರೆ ಮನೆಯಲ್ಲಿದ್ದದ್ದು ಕ್ರಿಸ್ತನ ಚರಿತ್ರೆ, ಸಂತರ ಕಥೆ. ಮಲಗಿದಲ್ಲೇ ಎರಡು ಥರದ ಯೋಚನೆ ಬರುತ್ತಿದ್ದವು. ವೀರನಾಗಿ ಮೆರೆಯುವ ಯೋಚನೆ ಬರುವಾಗ ಖುಷಿ, ಹೋದ ಮೇಲೆ ಮನಸ್ಸು ಒಣ ಒಣ. ಸಂತರ ಹಾಗೆ ಬದುಕುವ ಯೋಚನೆ ಬರುವಾಗಲೂ ಖುಷಿ, ಹೋದ ಮೇಲೂ ಖುಷಿ ಉಳಿಯುತ್ತಿತ್ತು. ಆ ವ್ಯತ್ಯಾಸವನ್ನು ಒಂದು ದಿನ ಅವರು ಗುರುತಿಸಿದರು. ಅವರ ಬದುಕು ತಿರುಗಿದ್ದು ಅಲ್ಲಿಂದ.

ನೀನೂ ಹಾಗೇ ಮಾಡು. ಮೂರು ದಿನ ಪುಣೆಗೆ ಹೋಗುವುದೇ ಗಟ್ಟಿ ಎಂದುಕೊಂಡು ಕೆಲಸಕ್ಕೆ ಹೋಗಿ ಬಾ. ಅಪ್ಪನ ಕಾಲಿನ ಬ್ಯಾಂಡೇಜ್ ಬಿಚ್ಚಿ ಕಟ್ಟುವಾಗ ಮನಸ್ಸು ಹೇಗಿರುತ್ತದೆ ನೋಡು. ಇನ್ನು ಮೂರು ದಿನ ಇಲ್ಲೇ ಉಳಿಯುವುದು ಗಟ್ಟಿ ಎಂದುಕೊಂಡು ಇರು. ಸಂಜೆ ಬಸ್ ಇಳಿದು ಮನೆಗೆ ನಡೆಯುವಾಗ ಏನು ಉಳಿದಿದೆ, ಸಮಾಧಾನವೋ ಕಹಿಯೋ? ಆಮೇಲೆ ಅಕ್ಕನನ್ನು ಕೂರಿಸಿಕೊಂಡು ಮಾತಾಡು. ನೀನು ಹೋದರೆ ಆ ಬ್ಯಾಂಡೇಜ್ ಕಟ್ಟುವ ಕೈ ಯಾರದ್ದು, ಇದನ್ನು ಕೇಳು. ಅಪ್ಪನ ಬಾಯಿಂದಲೇ ಅವರ ಮನಸ್ಸು ಕೇಳು. ಅವರೇ ‘ಹೋಗಪ್ಪ’ ಅನ್ನಬಹುದು. ನಿಮ್ಮ ಸಭೆಯ ಅಯ್ಯನವರ ಹತ್ತಿರವೂ ಹೋಗು, ಆದರೆ ತೀರ್ಮಾನವನ್ನು ಅವರ ತಲೆಗೆ ಕಟ್ಟಬೇಡ.

ಇನ್ನೊಂದು ಮಾತು, ಇದು ನನ್ನ ಅನುಭವ ಮಾತ್ರ. ನಮ್ಮೂರ ನೀರುಗಂಟಿಗೆ ಸುಗ್ಗಿಯಲ್ಲಿ ಎಲ್ಲರೂ ಭತ್ತ ಅಳೆದು ಕೊಡುತ್ತಿದ್ದರು. ಆದರೆ ಅಪ್ಪ ಅವನನ್ನು ಒಳ್ಳೆಯವನು ಎಂದದ್ದು ಒಂದೇ ಕಾರಣಕ್ಕೆ, ಕೊನೆ ಗದ್ದೆಗೆ ನೀರು ಮುಟ್ಟಿತೇ ಎಂದು ನೋಡದೆ ಅವನು ಮನೆಗೆ ಹೋಗುತ್ತಿರಲಿಲ್ಲ. ನನ್ನನ್ನು ದೇವರು ನಡೆಸಿದ್ದಾರೆ ಎಂದು ಈಗ ಖಂಡಿತವಾಗಿ ಹೇಳಬಲ್ಲ ಸಂದರ್ಭಗಳಲ್ಲೆಲ್ಲ ಒಂದು ಕೊನೆ ಗದ್ದೆ ಇತ್ತು. ಯಾರೋ ಒಬ್ಬರಿಗೆ ನೀರು ಮುಟ್ಟಿರಲಿಲ್ಲ, ನನ್ನನ್ನು ಆ ಕಡೆ ತಿರುಗಿಸಲಾಯಿತು. ನಿನ್ನ ಮನೆಯಲ್ಲಿ ಕೊನೆ ಗದ್ದೆ ಯಾರು? ಪುಣೆಯ ಸಂಬಳ ಅವರಿಗೆ ಮುಟ್ಟುತ್ತದೆ ಎಂದಾದರೆ ಅದೂ ದಾರಿಯೇ.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಗೆಳತಿ ಹಿಂದೂ, ತುಂಬಾ ಒಳ್ಳೆಯವರು. ನಾನು ‘ದೇವರು ನಡೆಸಿದರು’ ಎಂದಾಗಲೆಲ್ಲ ‘ಅದು ಕಾಕತಾಳೀಯ ಕಣ್ರೀ’ ಅನ್ನುತ್ತಾರೆ. ಏನು ಉತ್ತರ ಕೊಡಲಿ? (ಒಬ್ಬ ಗೃಹಿಣಿ, ಶ್ರೀರಂಗಪಟ್ಟಣ)

ಉತ್ತರ: ವಾದ ಮಾಡಬೇಡಿ ತಾಯಿ. ಬೈಬಲೇ ಎಷ್ಟೋ ಕಡೆ ಸುಮ್ಮನಿರುತ್ತದೆ. ರೂತಳು ತೆನೆ ಆಯಲು ಹೊರಟಳು, ಅಕಸ್ಮಾತ್ತಾಗಿ ಬೋವಜನ ಹೊಲಕ್ಕೆ ಬಂದಳು ಎಂದಷ್ಟೇ ಬರೆದಿದೆ. ಆ ಹೊಲಕ್ಕೆ ಬಂದವಳ ವಂಶದಲ್ಲಿ ದಾವೀದ ಹುಟ್ಟಿದ. ಎಸ್ತೇರಳ ಪುಸ್ತಕದ ಹೀಬ್ರೂ ಮೂಲದಲ್ಲಂತೂ ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ಒಂದು ರಾತ್ರಿ ರಾಜನಿಗೆ ನಿದ್ದೆ ಬರಲಿಲ್ಲ, ಹಳೆಯ ದಾಖಲೆ ಓದಿಸಿದ, ಅಲ್ಲಿಂದ ಕಥೆಯೇ ತಿರುಗಿತು. ಬರೆದವರು ‘ದೇವರು ಮಾಡಿದರು’ ಎಂದು ಅಡಿಗೆರೆ ಹಾಕಲಿಲ್ಲ.

ನಿಮ್ಮ ಗೆಳತಿ ಒಂದು ದಿನ ಕಷ್ಟದಲ್ಲಿದ್ದಾಗ ನಿಮಗೆ ಯಾಕೋ ಅವರ ನೆನಪಾಗಬಹುದು. ಒಲೆ ಆರಿಸಿ ಹೋಗಿ ಬಾಗಿಲು ತಟ್ಟಿ. ಕಾರಣ ಕೇಳಿದರೆ, ಸುಮ್ನೆ ಬಂದೆ ಅನ್ನಿ.