ಆಂಥೂರಿಯಂ ಸೊರಗುತ್ತಿದೆ, ಅಮ್ಮನ ಮನೆಗೆ ವಾಪಸ್ ಕಳಿಸಲಾ?

ಪ್ರಶ್ನೆ: ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ನಮ್ಮದು. ಎಂಟು ತಿಂಗಳ ಹಿಂದೆ ಸಕಲೇಶಪುರದ ತವರುಮನೆಯಿಂದ ಕೆಂಪು ಆಂಥೂರಿಯಂ ತಂದೆ. ಆಗ ನಾಲ್ಕು ಹೂ ಇದ್ದವು. ಕೆಂಪು ಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ, ದೊಡ್ಡ ಕುಂಡದಲ್ಲಿ ನೆಟ್ಟು, ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದೇನೆ. ನೀರು ಪೋಲಾಗಬಾರದು ಅಂತ ಆರ್‌ಓ ಫಿಲ್ಟರ್‌ನ ವೇಸ್ಟ್ ನೀರನ್ನೇ ದಿನಾ ಹಾಕುತ್ತೇನೆ. ಈಗ ಕೆಳಗಿನ ಎಲೆಗಳು ಹಳದಿಯಾಗಿವೆ, ಉಳಿದವುಗಳ ಅಂಚು ಸುಟ್ಟ ಹಾಗಿದೆ. ಹೊಸ ಹೂವಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಎರಡು ವರ್ಷದ ಮಗು ಇದೆ, ಜಾಸ್ತಿ ಸಮಯ ಕೊಡಲು ಆಗುವುದಿಲ್ಲ. ವಾಪಸ್ ಕಳಿಸಿಬಿಡಲಾ?

ಉತ್ತರ: ಸದ್ಯಕ್ಕೆ ಕಳಿಸಬೇಡಿ. ಈ ಸ್ಥಿತಿಯಲ್ಲಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋದರೆ ಗಿಡ ಇನ್ನಷ್ಟು ಸೋಲುತ್ತದೆ. ಇದನ್ನು ನಿಮ್ಮ ಮನೆಯಲ್ಲೇ ಉಳಿಸಿಕೊಳ್ಳಬಹುದು.

ನಿಮ್ಮ ಊರಿನ ಕಡೆ ಮಳೆ ಶುರುವಾಗುವ ಹೊತ್ತಿಗೆ ಮರದ ಮೇಲೆ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಹೂ ಅರಳುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಅದಕ್ಕೆ ಮಣ್ಣೇ ಬೇಡ. ಬಂದಳಿಕೆಯ ಹಾಗೆ ಮರದ ರಸವನ್ನೂ ಹೀರುವುದಿಲ್ಲ, ಸುಮ್ನೆ ತೊಗಟೆ ಹಿಡಿದುಕೊಂಡು ನಿಲ್ಲುತ್ತದೆ. ಆಂಥೂರಿಯಂ ಸ್ವಭಾವವೂ ಹೆಚ್ಚು ಕಡಿಮೆ ಹಾಗೆಯೇ. ಇದರ ತವರು ದಕ್ಷಿಣ ಅಮೆರಿಕದ ಕೊಲಂಬಿಯಾ, ಈಕ್ವೆಡಾರ್ ದೇಶಗಳ ಮಳೆಕಾಡು. ಅಲ್ಲಿ ಮರದ ಕೊಂಬೆಯ ಮೇಲೆ, ಕೊಳೆತ ತರಗೆಲೆಯ ನಡುವೆ ಬೆಳೆಯುತ್ತದೆ. ಮಳೆ ಸುರಿದರೆ ಬೇರು ನೆನೆಯುತ್ತದೆ, ಸ್ವಲ್ಪ ಹೊತ್ತಿಗೆ ಗಾಳಿಗೆ ಆರುತ್ತದೆ. ಇಂಥ ಬೇರನ್ನು ನಾವು ಜಿಗುಟು ಕೆಂಪು ಮಣ್ಣಿನಲ್ಲಿ ಹೂತು ದಿನಾ ನೀರು ಹಾಕಿದರೆ ಅದಕ್ಕೆ ಉಸಿರುಗಟ್ಟುತ್ತದೆ. ಕೊಳೆತ ಬೇರು ನೀರು ಕುಡಿಯಲಾರದು, ಎಲೆ ಜೋಲುತ್ತದೆ. ಪಾಪ ಬಾಡಿದೆಯಲ್ಲ ಅಂತ ನಾವು ಇನ್ನೊಂದು ಚೊಂಬು ಹಾಕುತ್ತೇವೆ. ಪ್ರೀತಿಯಿಂದ ಸಾಕಿದ ಎಷ್ಟೋ ಆಂಥೂರಿಯಂ ಹೀಗೇ ಹೋಗುವುದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದು ಬಿಡುವಿನ ದಿನ ಹಳೆ ಪೇಪರ್ ಹಾಸಿಕೊಂಡು ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ನಲ್ಲಿ ಕೆಳಗೆ ಮಣ್ಣೆಲ್ಲ ತೊಳೆಯಿರಿ. ಈಗ ಬೇರುಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಬಿಳಿ ಅಥವಾ ಕೆನೆ ಬಣ್ಣ ಇದ್ದು ಗಟ್ಟಿಯಾಗಿದ್ದರೆ ಅದು ಜೀವಂತ ಬೇರು. ಕಂದು ಸಿಪ್ಪೆ ಜಾರಿ ನಿಮ್ಮ ಬೆರಳಿಗೆ ಬಂದು, ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಅದು ಸತ್ತಿದೆ. ಮೂಗಿಗೂ ಕೊಳೆತ ವಾಸನೆ ಬರುತ್ತದೆ. ಸತ್ತದ್ದನ್ನೆಲ್ಲ ಶುಚಿಯಾದ ಕತ್ತರಿಯಿಂದ ಕತ್ತರಿಸಿ. ಮೂರ್ನಾಲ್ಕು ಒಳ್ಳೆಯ ಬೇರು ಉಳಿದಿದ್ದರೂ ಭರವಸೆ ಬಿಡಬೇಡಿ. ಪೂರ್ತಿ ಹಳದಿಯಾದ ಎಲೆ ತೆಗೆಯಿರಿ, ಅಂಚು ಮಾತ್ರ ಒಣಗಿದ ಎಲೆ ಇರಲಿ. ಅದು ಈಗಲೂ ಗಿಡಕ್ಕೆ ಊಟ ಮಾಡಿ ಹಾಕುತ್ತಿದೆ.

ದೊಡ್ಡ ಕುಂಡ ಬೇಡ. ಉಳಿದ ಬೇರು ಹಿಡಿಸುವಷ್ಟು ಇದ್ದರೆ ಸಾಕು, ತಳದಲ್ಲಿ ತೂತು ಇರಲೇಬೇಕು. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು ಬೆರೆಸಿ ತುಂಬಿ. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಒಂದು ಹಿಡಿ ಸಾಕು. ಸಿಪ್ಪೆಯನ್ನು ಮೊದಲು ಎರಡು ದಿನ ನೆನೆಸಿ, ಕೆಂಪಗಾದ ನೀರು ಚೆಲ್ಲಿ. ಎಲೆ ಹೊರಡುವ ಬುಡವನ್ನು ಮುಚ್ಚಬೇಡಿ. ಒಂದು ತಿಂಗಳು ಯಾವ ಗೊಬ್ಬರವೂ ಬೇಡ.

ಇನ್ನು ನೀರಿನ ವಿಷಯ. ನೀರು ಉಳಿಸುವ ನಿಮ್ಮ ಮನಸ್ಸು ದೊಡ್ಡದು. ಆದರೆ ಆರ್‌ಓ ಯಂತ್ರ ನೀರಿನಿಂದ ತೆಗೆದ ಉಪ್ಪೆಲ್ಲ ಆ ವೇಸ್ಟ್ ನೀರಿನಲ್ಲೇ ಸೇರಿರುತ್ತದೆ. ಬೋರ್‌ವೆಲ್ ನೀರಾದರೆ ಇನ್ನೂ ಜಾಸ್ತಿ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಎಲೆ ಅಂಚು ಸುಡಲು ಆ ಉಪ್ಪೂ ಕಾರಣ. ಆ ವೇಸ್ಟ್ ನೀರನ್ನು ನೆಲ ಒರೆಸಲು, ಟಾಯ್ಲೆಟ್‌ಗೆ ಬಳಸಿ. ಗಿಡಕ್ಕೆ ಕುಡಿಯುವ ನೀರೇ ಇರಲಿ, ಮಳೆಗಾಲದಲ್ಲಿ ಬಾಲ್ಕನಿಗೆ ಬಕೆಟ್ ಇಟ್ಟು ಹಿಡಿದ ನೀರಾದರೆ ಇನ್ನೂ ಒಳ್ಳೆಯದು. ದಿನಾ ಬೇಡ. ಬೆರಳನ್ನು ಒಂದು ಇಂಚು ಒಳಗೆ ಇಳಿಸಿ, ತೇವ ಇಲ್ಲದಿದ್ದರೆ ಮಾತ್ರ ಹಾಕಿ. ಬೇಸಿಗೆಯಲ್ಲಿ ಸುಮಾರು ಮೂರು ದಿನಕ್ಕೊಮ್ಮೆ, ಚಳಿಯಲ್ಲಿ ವಾರಕ್ಕೊಮ್ಮೆ ಆಗಬಹುದು. ತಳದಿಂದ ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಜಾಸ್ತಿ ಸಮಯ ಇಲ್ಲ ಅಂದಿರಲ್ಲ, ಈ ಗಿಡಕ್ಕೆ ಅದೇ ಅನುಕೂಲ.

ಹೂ ಬರದಿರಲು ಟಿವಿ ಪಕ್ಕದ ಮಬ್ಬು ಬೆಳಕೂ ಕಾರಣ. ನಾವು ಹೂ ಅನ್ನುವ ಆ ಕೆಂಪು ಹೊಳಪು ನಿಜಕ್ಕೂ ರೂಪ ಬದಲಿಸಿಕೊಂಡ ಎಲೆ. ನಡುವಿನ ಕಡ್ಡಿಯ ಮೇಲೆ ಒತ್ತೊತ್ತಾಗಿ ಕೂತ ಪುಟ್ಟ ಚುಕ್ಕೆಗಳೇ ಅಸಲಿ ಹೂಗಳು. ಬಲಿತ ಗಿಡ ಸಾಮಾನ್ಯವಾಗಿ ಒಂದೊಂದು ಎಲೆಯ ಬುಡದಿಂದ ಒಂದೊಂದು ಹೂ ಕೊಡುತ್ತದೆ. ಹಾಗಾಗಿ ಮೊದಲು ಎಲೆ ಬರಬೇಕು, ಅದಕ್ಕೆ ಬೆಳಕು ಬೇಕು. ಪೂರ್ವದ ಕಿಟಕಿಯಿಂದ ಎರಡು ಮೂರು ಅಡಿ ದೂರ ಒಳ್ಳೆಯ ಜಾಗ. ಮಧ್ಯಾಹ್ನ ಗಿಡದ ಮೇಲೆ ಕೈ ಅಡ್ಡ ಹಿಡಿಯಿರಿ. ನೆರಳು ಮಸುಕಾಗಿ ಬಿದ್ದರೆ ಬೆಳಕು ಸರಿಯಾಗಿದೆ. ನೆರಳೇ ಬೀಳದಿದ್ದರೆ ಸಾಲದು, ಕಡು ಕಪ್ಪಾಗಿ ಬಿದ್ದರೆ ಎಲೆ ಸುಡುತ್ತದೆ. ಫ್ಯಾನ್, ಏಸಿ ಗಾಳಿ ನೇರ ತಾಗದಿರಲಿ. ಹೊಸ ಎಲೆ ಕಂಡ ಮೇಲೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರ್ ನೀರಿಗೆ ಅರ್ಧ ಗ್ರಾಂ ಕರಗಿಸಿ, ಹದಿನೈದು ದಿನಕ್ಕೊಮ್ಮೆ ಕೊಡಿ.

ಮಗು ಇದೆ ಅಂದಿರಿ, ಇದನ್ನು ಮರೆಯಬೇಡಿ. ಆಂಥೂರಿಯಂ ಕೆಸುವಿನ ಬಳಗದ್ದು. ಸರಿಯಾಗಿ ಬೇಯದ ಪತ್ರೊಡೆ ತಿಂದರೆ ಗಂಟಲು ಕೆರೆಯುತ್ತದಲ್ಲ, ಇದರ ಎಲೆ ಕಚ್ಚಿದರೆ ಬಾಯೆಲ್ಲ ಉರಿಯುತ್ತದೆ, ಊದಿಕೊಳ್ಳಲೂಬಹುದು. ಮಗುವಿನ ಕೈಗೆಟುಕದ ಎತ್ತರದಲ್ಲಿಡಿ. ಕತ್ತರಿಸಿದ ಮೇಲೆ ನೀವೂ ಕೈ ತೊಳೆದುಕೊಳ್ಳಿ.

ಚೇತರಿಸಿಕೊಳ್ಳಲು ಕೆಲವು ತಿಂಗಳೇ ಬೇಕು. ಬುಡದಿಂದ ಸುರುಳಿ ಸುತ್ತಿದ, ತುಸು ಕೆಂಪು ಛಾಯೆಯ ಎಳೆ ಎಲೆ ಎದ್ದರೆ ಬೇರು ಹಿಡಿದಿದೆ ಅಂತ ತಿಳಿಯಿರಿ. ಅಲ್ಲಿವರೆಗೆ ಅಮ್ಮನಿಗೆ ಗಿಡ ಕಳಿಸುವ ಬದಲು, ಅವರು ಮುಂದಿನ ಸಲ ಬರುವಾಗ ಒಂದು ಚೀಲ ತೆಂಗಿನ ಸಿಪ್ಪೆ ತರಲು ಹೇಳಿ.