ಮಗ ಸುಧಾರಿಸಿದ್ದು ಯಾವ ಔಷಧಿಯಿಂದ?

ಸಕಲೇಶಪುರದ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಅವರ ಎಂಟು ವರ್ಷದ ಮಗನಿಗೆ ಗಂಟಲು ನೋವು, ಜ್ವರ ಬಂದು ಹೋಯಿತು. ಆಮೇಲೆ ಇದ್ದಕ್ಕಿದ್ದಂತೆ ಕೈ ತೊಳೆಯುವ ಗೀಳು ಹತ್ತಿತು. ಕಣ್ಣು ಪಿಳಿಪಿಳಿ ಬಡಿಯುವುದು, ಊಟ ಬೇಡ ಅನ್ನುವುದು, ರಾತ್ರಿ ಅಮ್ಮನ ಸೆರಗು ಬಿಡದಿರುವುದು ಶುರುವಾಯಿತು. ಬೆಂಗಳೂರಿನ ಡಾಕ್ಟರು 'ಪಾಂಡಾಸ್ ಇರಬಹುದು' (ಗಂಟಲಿನ ಸೋಂಕಿನ ನಂತರ ಮಕ್ಕಳಲ್ಲಿ ಗೀಳು, ಕಣ್ಣು ಬಡಿತದಂಥವು ದಿಢೀರ್ ಶುರುವಾಗುವ ಕಾಯಿಲೆ) ಎಂದು ಆಂಟಿಬಯೋಟಿಕ್ ಕೊಟ್ಟು, ಕೌನ್ಸೆಲಿಂಗ್ ಶುರು ಮಾಡಿದರು. ಈಗ ಹುಡುಗ ಎಷ್ಟೋ ವಾಸಿ. ಆದರೆ ಅಲ್ಲಿ ಕಾಯುವಾಗ ಸಿಕ್ಕ ಒಬ್ಬರು, "ಐವಿಐಜಿ ಹಾಕಿಸಿದ ಮೇಲೆ ನಮ್ಮ ಮಗಳು ಮೊದಲಿನ ಹಾಗಾದಳು" ಅಂದರಂತೆ (ಐವಿಐಜಿ ಅಂದರೆ ರಕ್ತನಾಳಕ್ಕೆ ಹನಿಸುವ ಒಂದು ದುಬಾರಿ ಔಷಧಿ). ಇನ್ನೊಬ್ಬರು, "ದುಡ್ಡು ಹೋಯ್ತು ಅಷ್ಟೇ" ಅಂದರಂತೆ. ಯಾರ ಮಾತು ನಂಬಲಿ, ಒಡವೆ ಅಡವಿಟ್ಟು ಹಾಕಿಸಲಾ ಎಂಬುದು ಅವರ ಪ್ರಶ್ನೆ.

ತಾಯಿ, ಇಬ್ಬರೂ ಸುಳ್ಳು ಹೇಳಿಲ್ಲ. ತಮ್ಮ ಮಗುವಿನಲ್ಲಿ ಕಂಡದ್ದನ್ನು ಹೇಳಿದ್ದಾರೆ. ಅದರಿಂದ ನಿಮ್ಮ ಮಗನಿಗೆ ಏನಾಗುತ್ತದೆ ಅಂತ ಹೇಳಲು ಆಗುವುದಿಲ್ಲ.

ಈ ಕಾಯಿಲೆಯ ನಡೆಯೇ ಹಾಗಿದೆ. ಅಮೆರಿಕದ ಸೂಸನ್ ಸ್ವೀಡೋ ಮತ್ತು ಜೊತೆಗಾರರು 1998ರಲ್ಲಿ ಇಂಥ 50 ಮಕ್ಕಳ ವಿವರ ಬರೆದರು. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣು ಗಂಟಲಿಗೆ ತಗಲುತ್ತದೆ. ಅದರ ಮೇಲೆ ಹೋರಾಡಲು ದೇಹ ತಯಾರಿಸಿದ ಪ್ರತಿಕಾಯಗಳು ತಪ್ಪಿ ಮಿದುಳಿನ ಒಂದು ಭಾಗದ ಮೇಲೇ ತಿರುಗಿ ಬೀಳುತ್ತವೆ ಎಂಬುದು ಅವರ ಊಹೆ. ಇದನ್ನು ಎಲ್ಲ ಡಾಕ್ಟರೂ ಒಪ್ಪಿಲ್ಲ, ಚರ್ಚೆ ಇನ್ನೂ ನಡೆದಿದೆ. ಒಪ್ಪಿರುವ ವಿಷಯ ಒಂದಿದೆ. ಲಕ್ಷಣಗಳು ಒಮ್ಮೆ ಜೋರಾಗುತ್ತವೆ, ಒಮ್ಮೆ ತಾವಾಗಿಯೇ ಇಳಿಯುತ್ತವೆ. ಹೆತ್ತವರು ಹೊಸ ಚಿಕಿತ್ಸೆಗೆ ಓಡುವುದು ಯಾವಾಗ? ತೀರಾ ಜೋರಾದಾಗ. ಅಲ್ಲಿಂದ ಮುಂದೆ ಸುಮ್ನೆ ಇದ್ದರೂ ಸ್ವಲ್ಪ ಇಳಿಯುತ್ತಿತ್ತೇನೋ. ಆದರೆ ಹೆಸರು ಆಗ ಕೊಟ್ಟ ಔಷಧಿಗೆ ಹೋಗುತ್ತದೆ, ಅಲ್ವಾ?

ಅದಕ್ಕೇ ನಿಜವಾದ ಔಷಧಿ ಕೊಟ್ಟ ಮಕ್ಕಳನ್ನೂ ಬರೀ ಡ್ರಿಪ್ ಹಾಕಿದ ಮಕ್ಕಳನ್ನೂ ಹೋಲಿಸಿ ನೋಡಬೇಕಾಗುತ್ತದೆ. 1999ರಲ್ಲಿ ಸುಮಾರು 30 ಮಕ್ಕಳ ಮೇಲೆ ನಡೆದ ಇಂಥ ಪರೀಕ್ಷೆಯಲ್ಲಿ ಐವಿಐಜಿ ಪಡೆದವರು ಒಂದು ತಿಂಗಳಲ್ಲಿ ಚೆನ್ನಾಗಿ ಸುಧಾರಿಸಿದರು. 2016ರಲ್ಲಿ 35 ಮಕ್ಕಳ ಮೇಲೆ ನಡೆದ ಇನ್ನೊಂದರಲ್ಲಿ, ಆರು ವಾರದ ನಂತರ ಖಚಿತವಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಮಗೆ ಸಿಕ್ಕ ಆ ಇಬ್ಬರ ಹಾಗೆಯೇ ಈ ಎರಡು ಪರೀಕ್ಷೆಗಳೂ ಬೇರೆ ಬೇರೆ ಮಾತಾಡುತ್ತವೆ.

ತಂದೆತಾಯಿಯ ಸಮಾಧಾನ ಲೆಕ್ಕಕ್ಕಿಲ್ಲ ಅಂತ ನಾನು ಹೇಳುತ್ತಿಲ್ಲ. "ಮುದ್ದು ಜಾಸ್ತಿ ಆಯ್ತು, ಅದಕ್ಕೇ ಹಠ" ಅಂತ ನೆಂಟರಿಂದ ಅನ್ನಿಸಿಕೊಂಡವರಿಗೆ, ಪೂರ್ತಿ ಕೇಳಿಸಿಕೊಂಡು "ಇದು ಹಠ ಅಲ್ಲ" ಅನ್ನುವ ಡಾಕ್ಟರು ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ. ಆ ನೆಮ್ಮದಿ ಎಲ್ಲ ಮನೆಗೂ ಸಿಗಬೇಕು. ಅದನ್ನು ಔಷಧಿಯ ಖಾತೆಗೆ ಮಾತ್ರ ಬರೆಯಬೇಡಿ. ನಿಮ್ಮ ಮಾವನವರು ಕಟ್ಟಿಸಿದ ತಾಯಿತದ ಬಗ್ಗೆ ಮುಜುಗರದಿಂದ ಬರೆದಿದ್ದೀರಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಔಷಧಿ ತಪ್ಪದಿದ್ದರೆ ಸಾಕು.

ನೀವು ಕಳಿಸಿದ ಕಾಪಿ ಪುಸ್ತಕದ ಎರಡು ಹಾಳೆಗಳನ್ನು ಬಹಳ ಹೊತ್ತು ನೋಡಿದೆ. ಒಂದರಲ್ಲಿ ಅಕ್ಷರಗಳು ಗೆರೆಯ ಮೇಲೆ ದುಂಡಗೆ ಕೂತಿವೆ. ಎರಡು ವಾರದ ನಂತರದ್ದರಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ಜಾರಿವೆ, 'ಮಳೆ' ಅಂತ ಬರೆದಲ್ಲೇ ಮತ್ತೆ ಮತ್ತೆ ತಿದ್ದಿ ಹಾಳೆ ತೂತಾಗಿದೆ. ಬರವಣಿಗೆ ಹೀಗೆ ದಿಢೀರ್ ಕೆಡುವುದು ಡಾಕ್ಟರು ಗಮನಿಸುವ ಲಕ್ಷಣಗಳಲ್ಲೊಂದು. ಇಂಥದ್ದನ್ನೇ ಜೋಪಾನವಾಗಿಡಿ. ದಿನಾ ರಾತ್ರಿ ನಾಲ್ಕು ಸಾಲು ಬರೆಯಿರಿ: ಬಚ್ಚಲಲ್ಲಿ ಎಷ್ಟು ಹೊತ್ತು ಇದ್ದ, ಏನು ತಿಂದ, ಹೇಗೆ ಮಲಗಿದ, ಶಾಲೆಗೆ ಹೋದನಾ. ಜ್ವರ ಬಂದ ದಿನ, ಮಾತ್ರೆ ಶುರು ಮಾಡಿದ ದಿನ, ನಿಲ್ಲಿಸಿದ ದಿನ ತಪ್ಪದೆ ಹಾಕಿ. ಕ್ಲಾಸ್ ಟೀಚರ್‌ಗೂ ಹೇಳಿಡಿ, ಮನೆಯಲ್ಲಿ ಕಾಣದ್ದು ಅವರಿಗೆ ಕಾಣುತ್ತದೆ. ಮುಂದಿನ ಸಲ ಡಾಕ್ಟರ ಮುಂದೆ ಆ ಪುಸ್ತಕ ಇಡಿ.

ಮತ್ತೆ ಗಂಟಲು ನೋವು ಬಂದರೆ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತರಬೇಡಿ. ಗಂಟಲಿನ ದ್ರವ ತೆಗೆದು ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಎಎಸ್‌ಓ (ಸ್ಟ್ರೆಪ್ಟೋಕಾಕಸ್ ವಿರುದ್ಧದ ಒಂದು ಪ್ರತಿಕಾಯ) ಜಾಸ್ತಿ ಬಂತು ಅಂತಷ್ಟಕ್ಕೇ ಗಾಬರಿಯಾಗಬೇಡಿ, ಶಾಲೆಗೆ ಹೋಗುವ ಎಷ್ಟೋ ಆರೋಗ್ಯವಂತ ಮಕ್ಕಳಲ್ಲೂ ಅದು ಜಾಸ್ತಿ ಇರುತ್ತದೆ. ಕೌನ್ಸೆಲಿಂಗ್ ಅಂತೂ ಬಿಡಲೇಬೇಡಿ. ಕೈ ತೊಳೆಯಬೇಕು ಅನ್ನಿಸಿದರೂ ತಡೆದುಕೊಳ್ಳುವುದನ್ನು ಸ್ವಲ್ಪ ಸ್ವಲ್ಪವೇ ಕಲಿಸುವ ಆ ಅಭ್ಯಾಸ ಗೀಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರತಿ ಸಲ ಬೆಂಗಳೂರಿಗೆ ಹೋಗಲಾಗದಿದ್ದರೆ ಹಾಸನದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಮುಂದುವರಿಸಬಹುದಾ ಕೇಳಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಒಡವೆ ವಿಷಯ. ಐವಿಐಜಿ ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು. ಮಗುವಿನ ತೂಕದ ಮೇಲೆ ಲೆಕ್ಕ ಹಾಕಿ, ಆಸ್ಪತ್ರೆಯಲ್ಲೇ ಗಂಟೆಗಟ್ಟಲೆ ಹನಿಸುತ್ತಾರೆ. ಆಮೇಲೆ ತಲೆನೋವು, ವಾಂತಿ ಬರುವುದುಂಟು. ಈ ಕಾಯಿಲೆ ನೋಡುವ ವೈದ್ಯರು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೂ ಇಂಥ ಚಿಕಿತ್ಸೆಯ ಜಾಗ ಇರುವುದು ಕಾಯಿಲೆ ಮಧ್ಯಮದಿಂದ ತೀವ್ರ ಮಟ್ಟದಲ್ಲಿರುವ ಮಕ್ಕಳಿಗೆ. ನಿಮ್ಮ ಮಗ ಊಟ ಮಾಡುತ್ತಿದ್ದಾನೆ, ಶಾಲೆಗೆ ಹೋಗುತ್ತಿದ್ದಾನೆ. ಹಾಗಾಗಿ ಈಗ ಅಡವಿಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮುಂದೆ ಜೋರಾಗಿ ಮರುಕಳಿಸಿ ಡಾಕ್ಟರೇ ಆ ಮಾತು ಎತ್ತಿದರೆ, ಎಷ್ಟು ಡೋಸ್, ಎಷ್ಟು ದಿನದಲ್ಲಿ ಏನು ಬದಲಾಗಬೇಕು, ಬದಲಾಗದಿದ್ದರೆ ಮುಂದೇನು ಅಂತ ಮೊದಲೇ ಕೇಳಿ, ಉತ್ತರವನ್ನು ಅದೇ ಪುಸ್ತಕದಲ್ಲಿ ಬರೆದುಕೊಳ್ಳಿ.

— ಸಂಪಾದಕ